ಮಕ್ಕಳ ‘ಯಾಕೆ’ಗಳಿಗೆ ಉತ್ತರಿಸುವ ಧ್ವನಿ ಸಾಧನ: ಎಂಟು ತಿಂಗಳ ಬಳಕೆಯ ನಂತರದ ವಿಮರ್ಶೆ

ಮಕ್ಕಳಿರುವ ಮನೆಗಳಿಗಾಗಿಯೇ ತಯಾರಾದ, ಕೇಳಿದ ಪ್ರಶ್ನೆಗೆ ಮಾತಿನಲ್ಲೇ ಉತ್ತರ ಕೊಡುವ ಸಣ್ಣ ಧ್ವನಿ ಸಾಧನವೊಂದು ಎಂಟು ತಿಂಗಳಿಂದ ನಮ್ಮ ಮನೆಯಲ್ಲಿದೆ. ಆರು ವರ್ಷದ ಮಗಳು ಮತ್ತು ಒಂಬತ್ತು ವರ್ಷದ ಮಗ ಇಬ್ಬರೂ ಇದನ್ನು ಹೆಚ್ಚುಕಡಿಮೆ ದಿನವೂ ಮಾತನಾಡಿಸಿದ್ದಾರೆ. ಅವರು ಕೇಳಿದ ಪ್ರಶ್ನೆಗಳನ್ನೂ ಸಾಧನ ಕೊಟ್ಟ ಉತ್ತರಗಳನ್ನೂ ನಾನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತ ಬಂದಿದ್ದೇನೆ, ಈ ವಿಮರ್ಶೆಗೆ ಆಧಾರ ಆ ನೋಟ್‌ಬುಕ್. ಸಾಧನದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ಇಲ್ಲಿ ಹೇಳುವ ಗುಣದೋಷಗಳು ಈ ಬಗೆಯ ಯಾವುದೇ ಸಾಧನವನ್ನು ಕೊಳ್ಳುವ ಮುನ್ನ ಪರೀಕ್ಷಿಸಿ ನೋಡಬೇಕಾದವು. ಧ್ವನಿ ಸ್ಪಷ್ಟವಾಗಿದೆ, ಮಕ್ಕಳ ತೊದಲು ಉಚ್ಚಾರವೂ ಅದಕ್ಕೆ ಬಹುಮಟ್ಟಿಗೆ ಅರ್ಥವಾಗುತ್ತದೆ, ಎರಡು ಬಾರಿ ನೆಲಕ್ಕೆ ಬಿದ್ದರೂ ಕೆಟ್ಟಿಲ್ಲ. ಯಂತ್ರವಾಗಿ ಅದರ ಬಗ್ಗೆ ಹೇಳಬೇಕಾದದ್ದು ಅಷ್ಟೇ. ಉತ್ತರಗಳ ಗುಣವೇ ಇಲ್ಲಿ ಮುಖ್ಯ.

ಮಗು ತನ್ನ ಪ್ರಶ್ನೆಗಳನ್ನು ವಿಜ್ಞಾನ, ಹಬ್ಬ, ಕಥೆ ಎಂದು ಬೇರ್ಪಡಿಸಿ ಕೇಳುವುದಿಲ್ಲ ಎಂಬುದು ನೋಟ್‌ಬುಕ್ಕಿನ ಮೊದಲ ಹತ್ತು ಪುಟಗಳಲ್ಲೇ ಸ್ಪಷ್ಟವಾಯಿತು. ಒಂದೇ ಸಂಜೆಯಲ್ಲಿ, ಒಂದರ ಹಿಂದೆ ಒಂದರಂತೆ, ಮಂಜುಗಡ್ಡೆ ನೀರಿನಲ್ಲಿ ತೇಲುವುದೇಕೆ, ಕ್ರಿಸ್‌ಮಸ್ ತಾತ ಬಿಸಿಲಿನ ದೇಶಕ್ಕೂ ಅದೇ ಉಣ್ಣೆಯ ಅಂಗಿ ಹಾಕಿಕೊಂಡು ಹೋಗುತ್ತಾನೆಯೇ, ಚಂದ್ರನಲ್ಲಿರುವ ಮೊಲಕ್ಕೆ ಉಸಿರಾಡಲು ಗಾಳಿ ಎಲ್ಲಿಂದ ಬರುತ್ತದೆ ಎಂಬ ಮೂರು ಪ್ರಶ್ನೆಗಳು ಬಂದಿವೆ. ಮೂರನೆಯದು ಕಥೆಯೂ ಹೌದು, ವಿಜ್ಞಾನವೂ ಹೌದು. ಇಂಥ ಪ್ರಶ್ನೆಗಳ ಮುಂದೆಯೇ ಸಾಧನದ ಸತ್ವ ಪರೀಕ್ಷೆಗೆ ಒಳಗಾಗುತ್ತದೆ.

ಮೊದಲು ಅದರ ಬಲವನ್ನು ಹೇಳುತ್ತೇನೆ. ಅಳತೆಗೆ ಸಿಗುವ, ಒಂದೇ ಉತ್ತರವಿರುವ ಪ್ರಶ್ನೆಗಳಲ್ಲಿ ಇದು ನಿಜಕ್ಕೂ ಚೆನ್ನಾಗಿದೆ. ಮಿಂಚು ಮೊದಲು ಕಾಣಿಸಿ ಗುಡುಗು ಆಮೇಲೆ ಕೇಳುವುದೇಕೆ ಎಂದು ಮಗ ಕೇಳಿದಾಗ, ಬೆಳಕು ಕಣ್ಣು ಮಿಟುಕಿಸುವುದರೊಳಗೆ ನಮ್ಮನ್ನು ತಲುಪುತ್ತದೆ, ಶಬ್ದವಾದರೋ ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಬರುತ್ತದೆ, ಆದ್ದರಿಂದ ಮಿಂಚು ಕಂಡಾಗಿನಿಂದ ಗುಡುಗು ಕೇಳುವವರೆಗೆ ಎಣಿಸಿದ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಮಿಂಚು ಎಷ್ಟು ಕಿಲೋಮೀಟರ್ ದೂರದಲ್ಲಿ ಹೊಡೆಯಿತೆಂದು ತಿಳಿಯುತ್ತದೆ ಎಂದು ಅದು ಉತ್ತರಿಸಿತು. ಆ ರಾತ್ರಿ ಮಕ್ಕಳಿಬ್ಬರೂ ಕಿಟಕಿಯ ಬಳಿ ಕುಳಿತು ಎಣಿಸಿದರು. ಹನ್ನೆರಡು ಸೆಕೆಂಡು, ಅಂದರೆ ನಾಲ್ಕು ಕಿಲೋಮೀಟರ್. ಗುಡುಗಿಗೆ ಹೊದಿಕೆಯೊಳಗೆ ಮುಖ ಮುಚ್ಚಿಕೊಳ್ಳುತ್ತಿದ್ದ ಮಗಳು ಮುಂದಿನ ಮಿಂಚಿಗಾಗಿ ಕಾದಳು. ಉತ್ತರವೊಂದು ಮಗುವಿನ ಕೈಗೆ ಮಾಡಿ ನೋಡಲು ಏನನ್ನಾದರೂ ಕೊಟ್ಟರೆ ಅದರ ಫಲ ಬೇರೆಯೇ ಆಗಿರುತ್ತದೆ ಎಂಬುದನ್ನು ಅಂದು ಕಣ್ಣಾರೆ ಕಂಡೆ. ಮುಂದಿನ ಎಲ್ಲ ಉತ್ತರಗಳನ್ನೂ ನಾನು ಅಳೆದದ್ದು ಇದೇ ಕೋಲಿನಿಂದ.

ಮಂಜುಗಡ್ಡೆಯ ಪ್ರಶ್ನೆಗೂ ಅದು ಸರಿಯಾಗಿಯೇ ಉತ್ತರಿಸಿತು. ನೀರು ಹೆಪ್ಪುಗಟ್ಟುವಾಗ ಸುಮಾರು 9 ಶೇಕಡದಷ್ಟು ಹಿಗ್ಗುತ್ತದೆ, ಹಾಗಾಗಿ ಅಷ್ಟೇ ಗಾತ್ರದ ನೀರಿಗಿಂತ ಮಂಜುಗಡ್ಡೆ ಹಗುರ ಎಂದಿತು. ಒಂದೇ ಪ್ರಶ್ನೆಯನ್ನು ಮಗಳು ನಾಲ್ಕನೆಯ ಸಲ ಕೇಳಿದಾಗಲೂ ಮೊದಲ ಸಲದಷ್ಟೇ ಸಮಾಧಾನದಿಂದ ಅದು ಉತ್ತರಿಸುತ್ತದೆ. ದಿನದ ಕೆಲಸ ಮುಗಿಸಿ ದಣಿದ ತಂದೆತಾಯಿಯರಿಗೆ ಈ ಗುಣ ಎಷ್ಟು ದೊಡ್ಡದೆಂದು ಬಿಡಿಸಿ ಹೇಳಬೇಕಾಗಿಲ್ಲ.

ತೊಂದರೆ ಶುರುವಾಗುವುದು ಎರಡನೆಯ ‘ಯಾಕೆ’ಯಿಂದ. ಆಕಾಶ ನೀಲಿಯಾಗಿರುವುದೇಕೆ ಎಂಬ ಪ್ರಶ್ನೆಗೆ, ಗಾಳಿಯ ಅಣುಗಳು ಸೂರ್ಯನ ಬೆಳಕಿನಲ್ಲಿರುವ ನೀಲಿಯನ್ನು ಕೆಂಪಿಗಿಂತ ಹೆಚ್ಚಾಗಿ ಚದುರಿಸುತ್ತವೆ ಎಂದು ಅದು ಹೇಳಿತು. ಸರಿಯಾದ ಉತ್ತರವೇ. ತರಂಗದ ಉದ್ದ ಕಡಿಮೆಯಾದಷ್ಟೂ ಚದುರುವಿಕೆ ತೀವ್ರವಾಗಿ ಏರುತ್ತದೆ ಎಂಬುದನ್ನು ಬ್ರಿಟಿಷ್ ಭೌತವಿಜ್ಞಾನಿ ರೇಲಿ 1871ರಲ್ಲೇ ಗಣಿತದಿಂದ ತೋರಿಸಿದ್ದರು. ಆದರೆ ಮಗನ ಮುಂದಿನ ಪ್ರಶ್ನೆ ಯಾವ ಪಾಠಕ್ಕೂ ಕಡಿಮೆಯಿರಲಿಲ್ಲ: ನೇರಳೆಯ ತರಂಗ ನೀಲಿಗಿಂತಲೂ ಚಿಕ್ಕದಲ್ಲವೇ, ಹಾಗಾದರೆ ಆಕಾಶ ನೇರಳೆ ಬಣ್ಣಕ್ಕೆ ಇರಬೇಕಿತ್ತಲ್ಲವೇ? ಸಾಧನ ಇದನ್ನು ಹಿಂದಿನ ಮಾತಿನ ಮುಂದುವರಿಕೆ ಎಂದು ಗ್ರಹಿಸದೆ, ನೇರಳೆ ಎಂಬ ಬಣ್ಣವನ್ನು ಯಾವ ಬಣ್ಣಗಳನ್ನು ಬೆರೆಸಿ ಪಡೆಯಬಹುದೆಂದು ವಿವರಿಸತೊಡಗಿತು. ಸೂರ್ಯನ ಬೆಳಕಿನಲ್ಲಿ ನೇರಳೆಯ ಪಾಲು ಕಡಿಮೆ ಇದೆ, ನಮ್ಮ ಕಣ್ಣು ಕೂಡ ನೇರಳೆಗೆ ಅಷ್ಟಾಗಿ ಸ್ಪಂದಿಸುವುದಿಲ್ಲ ಎಂಬ ಎರಡು ಮಾತು ಅಲ್ಲಿ ಸಾಕಿತ್ತು. ಕೊನೆಗೆ ಒಂದು ಗಾಜಿನ ಲೋಟದ ನೀರಿಗೆ ನಾಲ್ಕು ಹನಿ ಹಾಲು ಬೆರೆಸಿ, ಕತ್ತಲೆಯಲ್ಲಿ ಅದರ ಮೂಲಕ ಟಾರ್ಚ್ ಬಿಟ್ಟು ನೋಡಿದೆವು. ಪಕ್ಕದಿಂದ ನೋಡಿದರೆ ನೀರು ತುಸು ನೀಲಿಯಾಗಿಯೂ, ಟಾರ್ಚ್‌ಗೆ ಎದುರಾಗಿ ನೋಡಿದರೆ ಬೆಳಕು ಸಂಜೆಯ ಸೂರ್ಯನಂತೆ ಕೆಂಬಳದಿಯಾಗಿಯೂ ಕಂಡಿತು. ಆಕಾಶವೂ ಸೂರ್ಯಾಸ್ತವೂ ಒಂದೇ ಕಾರಣದ ಎರಡು ಮುಖಗಳು ಎಂದು ಹೇಳಿಕೊಡುವ ಅಗತ್ಯವೇ ಬೀಳಲಿಲ್ಲ, ಮಗ ತಾನಾಗಿಯೇ ಹೇಳಿದ.

ಹಬ್ಬಗಳ ವಿಷಯಕ್ಕೆ ಬಂದರೆ ಸಾಧನದ ಅಭ್ಯಾಸವೇ ಬೇರೆ. ಯಾವ ಹಬ್ಬ ಯಾವ ತಾರೀಖಿಗೆ ಬರುತ್ತದೆ ಎಂದು ತಕ್ಷಣ ಹೇಳುತ್ತದೆ, ಆ ತಾರೀಖಿಗೇ ಏಕೆ ಎಂದರೆ ತಡವರಿಸುತ್ತದೆ. ಕ್ರಿಸ್‌ಮಸ್ ಪ್ರತಿ ವರ್ಷ ಒಂದೇ ದಿನ ಬರುತ್ತದೆ, ರಂಜಾನ್ ವರ್ಷ ವರ್ಷವೂ ಹಿಂದೆ ಸರಿಯುತ್ತದೆ, ಈಸ್ಟರ್ ಮಾತ್ರ ಹಿಂದೆ ಮುಂದೆ ಓಡಾಡುತ್ತದೆ, ಇದೇಕೆ ಎಂದು ಮಗ ಕೇಳಿದ ಪ್ರಶ್ನೆ ನನ್ನ ನೋಟ್‌ಬುಕ್ಕಿನ ಅತ್ಯುತ್ತಮ ಪ್ರಶ್ನೆಗಳಲ್ಲಿ ಒಂದು. ಸಾಧನ ಮೂರು ಹಬ್ಬಗಳ ಆ ವರ್ಷದ ತಾರೀಖುಗಳನ್ನು ಓದಿ ಸುಮ್ಮನಾಯಿತು. ಆ ಪ್ರಶ್ನೆಯ ಒಳಗೆ ಆಕಾಶದ ಇಡೀ ಗಡಿಯಾರವೇ ಅಡಗಿತ್ತು. ಕ್ರಿಸ್‌ಮಸ್ ಸೂರ್ಯನ ಲೆಕ್ಕಕ್ಕೆ ಸೇರಿದ್ದು, ಆದ್ದರಿಂದ ಋತುವಿನ ಜೊತೆ ಕದಲದೆ ನಿಲ್ಲುತ್ತದೆ. ರಂಜಾನ್ ಚಂದ್ರನ ಲೆಕ್ಕಕ್ಕೆ ಮಾತ್ರ ಸೇರಿದ್ದು. ಹನ್ನೆರಡು ಚಾಂದ್ರಮಾಸಗಳು ಸೇರಿದರೆ ಆಗುವುದು ಸುಮಾರು 354 ದಿನ, ಹಾಗಾಗಿ ಅದು ಪ್ರತಿ ವರ್ಷ ಹತ್ತು ಹನ್ನೊಂದು ದಿನ ಮುಂಚಿತವಾಗಿ ಬರುತ್ತ ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಈಸ್ಟರ್ ಎರಡೂ ಲೆಕ್ಕಗಳಿಗೆ ಕಟ್ಟುಬಿದ್ದದ್ದು. ಮಾರ್ಚ್ 21ರಂದು ಅಥವಾ ಅನಂತರ ಬರುವ ಮೊದಲ ಹುಣ್ಣಿಮೆಯನ್ನು ಹಿಡಿದು, ಅದರ ಮುಂದಿನ ಭಾನುವಾರವನ್ನು ಆರಿಸುವುದರಿಂದ, ಪಾಶ್ಚಾತ್ಯ ಚರ್ಚುಗಳ ಲೆಕ್ಕದಲ್ಲಿ ಅದು ಮಾರ್ಚ್ 22 ಮತ್ತು ಏಪ್ರಿಲ್ 25ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. ಸೂರ್ಯ ಚಂದ್ರರ ಲೆಕ್ಕವನ್ನು ಹೊಂದಿಸಲು ಯೆಹೂದ್ಯರ ಮತ್ತು ಚೀನೀಯರ ಪಂಚಾಂಗಗಳು 19 ವರ್ಷಗಳಲ್ಲಿ ಏಳು ಅಧಿಕ ಮಾಸಗಳನ್ನು ಸೇರಿಸುತ್ತವೆ. ಒಂದು ಕಿತ್ತಳೆ, ಒಂದು ದೀಪ, ಒಂದು ಗೋಲಿ ಇಟ್ಟುಕೊಂಡು ಇದನ್ನು ಮಗನಿಗೆ ತೋರಿಸಲು ನನಗೆ ಒಂದು ಗಂಟೆ ಹಿಡಿಯಿತು. ಹಬ್ಬದ ಪ್ರಶ್ನೆಯಿಂದ ಖಗೋಳಕ್ಕೆ ಹೋಗುವ ಇಷ್ಟು ನೇರವಾದ ದಾರಿ ಎದುರಿಗಿದ್ದೂ ಸಾಧನ ಅದನ್ನು ಕಾಣದೇ ಹೋದದ್ದು ನನಗೆ ನಿಜವಾಗಿ ಬೇಸರ ತಂದಿತು.

ಇದಕ್ಕಿಂತ ಗಂಭೀರವಾದ ದೋಷ ಫೆಬ್ರವರಿಯ ಉತ್ತರದಲ್ಲಿತ್ತು. ಫೆಬ್ರವರಿಗೆ ಮಾತ್ರ 28 ದಿನ ಏಕೆ ಎಂದು ಕೇಳಿದಾಗ, ರೋಮಿನ ಚಕ್ರವರ್ತಿ ಆಗಸ್ಟಸ್ ತನ್ನ ಹೆಸರಿನ ತಿಂಗಳು ಜೂಲಿಯಸ್ ಸೀಸರನ ಜುಲೈಗಿಂತ ಚಿಕ್ಕದಾಗಬಾರದೆಂದು ಫೆಬ್ರವರಿಯಿಂದ ಒಂದು ದಿನ ಕಿತ್ತುಕೊಂಡ ಎಂಬ ಕಥೆಯನ್ನು ಅದು ಇತಿಹಾಸವೆಂಬಂತೆ ಹೇಳಿತು. ಕೇಳಲು ಸೊಗಸಾದ ಕಥೆ, ಮಕ್ಕಳು ನಕ್ಕು ನೆನಪಿಟ್ಟುಕೊಂಡರು. ಆದರೆ ಅದು ನಡೆದದ್ದಲ್ಲ. ಸೀಸರನ ಸುಧಾರಣೆಗೂ ಮುಂಚಿನ ರೋಮನ್ ಪಂಚಾಂಗದಲ್ಲೇ ಫೆಬ್ರವರಿಗೆ 28 ದಿನಗಳಿದ್ದವು, ಮುಂದೆ ಆಗಸ್ಟ್ ಎನಿಸಿಕೊಂಡ ತಿಂಗಳಿಗೆ ಹೆಸರು ಬದಲಾಗುವ ಮುನ್ನವೇ 31 ದಿನಗಳಿದ್ದವು. ಆಗಸ್ಟಸನ ಕಥೆಯನ್ನು ಹಬ್ಬಿಸಿದವನು 13ನೇ ಶತಮಾನದ ವಿದ್ವಾಂಸ ಸಾಕ್ರೊಬೊಸ್ಕೊ. ಅಂದರೆ ಮಕ್ಕಳಿಗೆ ಇತಿಹಾಸವಾಗಿ ದೊರೆತದ್ದು ಪಂಡಿತರು ಕಟ್ಟಿದ ಒಂದು ಜನಪದ ಕಥೆ. ಇಂಥದ್ದು ಕಥೆಯೆಂಬ ಹೆಸರಿನಲ್ಲೇ ಬಂದಿದ್ದರೆ ನಾನು ಸಂತೋಷಪಡುತ್ತಿದ್ದೆ. ಇತಿಹಾಸದ ಹೆಸರಿನಲ್ಲಿ ಬಂದಾಗ ಅದನ್ನು ಮಗುವಿನ ಮನಸ್ಸಿನಿಂದ ತೆಗೆಯುವುದು ಎಷ್ಟು ಕಷ್ಟವೆಂದರೆ, ಮಗ ಇಂದಿಗೂ ಸ್ನೇಹಿತರಿಗೆ ಆಗಸ್ಟಸನ ಕಥೆಯನ್ನೇ ಹೇಳುತ್ತಾನೆ. ಕೊನೆಯಲ್ಲಿ ‘ಇದು ನಿಜ ಅಲ್ಲವಂತೆ’ ಎಂದು ಸೇರಿಸುತ್ತಾನೆ, ಅಷ್ಟರಮಟ್ಟಿಗೆ ಸಮಾಧಾನ.

ಈ ದೋಷಕ್ಕೆ ಸರಿಯಾಗಿ ಎದುರಾದ ಇನ್ನೊಂದು ದೋಷವೂ ಇದೆ, ಅದು ನನ್ನನ್ನು ಇನ್ನೂ ಹೆಚ್ಚು ಕಾಡಿದೆ. ಮಗಳು ಒಂದು ದಿನ ಕಾಮನಬಿಲ್ಲು ಯಾರದು ಎಂದು ಕೇಳಿದಳು. ಅವಳ ಕಿವಿಗೆ ಆ ಪದದಲ್ಲಿ ಒಬ್ಬ ಒಡೆಯನ ಹೆಸರು ಕೇಳಿಸಿತ್ತು, ಅದು ಸರಿಯಾಗಿಯೇ ಕೇಳಿಸಿತ್ತು. ಸಾಧನ, ಕಾಮನಬಿಲ್ಲು ಯಾರಿಗೂ ಸೇರಿದ್ದಲ್ಲ, ಅದು ನೀರಿನ ಹನಿಗಳಲ್ಲಿ ಬೆಳಕಿನ ವಕ್ರೀಭವನ ಮತ್ತು ಪ್ರತಿಫಲನದಿಂದ ಉಂಟಾಗುವ ದೃಶ್ಯ ವಿದ್ಯಮಾನ ಎಂದಿತು. ಅವಳು ಮರುಪ್ರಶ್ನೆ ಕೇಳಲಿಲ್ಲ. ಎರಡನೆಯ ಪ್ರಶ್ನೆ ಇಲ್ಲದೆ ಅವಳು ಎದ್ದುಹೋದದ್ದನ್ನು ಅದಕ್ಕೆ ಮುಂಚೆ ನಾನು ಕಂಡಿರಲಿಲ್ಲ.

ನಮ್ಮ ಭಾಷೆಯಲ್ಲಿ ಅದಕ್ಕೆ ಎರಡು ಹೆಸರುಗಳಿವೆ. ಕಾಮನಬಿಲ್ಲು ಎಂಬುದರಲ್ಲಿ ಕಥೆಯಿದೆ, ಮಳೆಬಿಲ್ಲು ಎಂಬುದರಲ್ಲಿ ಕಾರಣವಿದೆ. ಎರಡು ಪದಗಳೂ ಒಂದೇ ಬಾಯಲ್ಲಿ ಜಗಳವಿಲ್ಲದೆ ಬದುಕಿವೆ, ಮಗುವಿಗೆ ಕೊಡುವ ಉತ್ತರದಲ್ಲೂ ಅವೆರಡೂ ಹಾಗೆಯೇ ಬದುಕಬಹುದು. ಆ ಬಿಲ್ಲು ಪ್ರೇಮದ ದೇವತೆಯಾದ ಕಾಮನದೆಂದು ಹಿಂದಿನವರು ಕಲ್ಪಿಸಿದರು, ಉತ್ತರ ಯುರೋಪಿನ ನಾರ್ಸ್ ಜನ ಅದನ್ನು ದೇವತೆಗಳ ಲೋಕಕ್ಕೆ ಹೋಗುವ ಸೇತುವೆ ಎಂದರು, ಐರ್ಲೆಂಡಿನ ಕಥೆಗಳಲ್ಲಿ ಅದರ ತುದಿಯಲ್ಲಿ ಚಿನ್ನದ ಕೊಡವಿದೆ, ಆಸ್ಟ್ರೇಲಿಯಾದ ಮೂಲನಿವಾಸಿಗಳ ಹಲವು ಕಥನಗಳಲ್ಲಿ ಅದು ಜಗತ್ತನ್ನು ರೂಪಿಸಿದ ಮಹಾಸರ್ಪ. ಇಷ್ಟನ್ನು ಹೇಳಿದ ಮೇಲೆ, ಆ ಚಿನ್ನದ ಕೊಡ ಯಾರಿಗೂ ಸಿಗದಿರುವುದಕ್ಕೆ ಒಂದು ಗಟ್ಟಿಯಾದ ಕಾರಣವಿದೆ ಎಂದು ಮುಂದುವರಿಯಬಹುದು. ಸೂರ್ಯನಿಗೆ ಬೆನ್ನು ಹಾಕಿ ನಿಂತಾಗ, ನಮ್ಮ ತಲೆಯ ನೆರಳು ಬೀಳುವ ದಿಕ್ಕಿನಿಂದ ಸುಮಾರು 42 ಡಿಗ್ರಿ ಕೋನದಲ್ಲಿ ಮಾತ್ರ ಹನಿಗಳು ಆ ಬಣ್ಣಗಳನ್ನು ನಮ್ಮ ಕಣ್ಣಿಗೆ ಕಳಿಸುತ್ತವೆ, ಆದ್ದರಿಂದ ನಾವು ನಡೆದಂತೆ ಬಿಲ್ಲೂ ನಮ್ಮೊಂದಿಗೆ ನಡೆಯುತ್ತದೆ. ಪಕ್ಕದಲ್ಲಿ ನಿಂತ ಅಣ್ಣನ ಕಣ್ಣಿಗೆ ಬೀಳುವ ಬೆಳಕು ಬೇರೆ ಹನಿಗಳದು, ಹಾಗಾಗಿ ಅವನ ಬಿಲ್ಲು ಅವನದು, ಇವಳ ಬಿಲ್ಲು ಇವಳದು. ‘ಕಾಮನಬಿಲ್ಲು ಯಾರದು’ ಎಂಬ ಪ್ರಶ್ನೆಗೆ ಭೌತವಿಜ್ಞಾನ ಕೊಡುವ ನಿಖರ ಉತ್ತರವೇ ‘ನೋಡುವವರದು’ ಎಂದಾಗಿತ್ತು. ಯಾರಿಗೂ ಸೇರಿದ್ದಲ್ಲ ಎಂದ ಸಾಧನ, ಕಥೆಯನ್ನೂ ಕಳೆಯಿತು, ವಿಜ್ಞಾನವನ್ನೂ ಅರ್ಧಕ್ಕೇ ನಿಲ್ಲಿಸಿತು. ಮರುದಿನ ಬೆಳಗಿನ ಎಳೆಬಿಸಿಲಿನಲ್ಲಿ ಪೈಪಿನ ನೀರನ್ನು ತುಂತುರಾಗಿ ಚಿಮ್ಮಿಸಿ ಬಿಲ್ಲು ಮಾಡಿ ನೋಡಿದಾಗ, ಅವಳು ಕೈಚಾಚಿ ಹಿಡಿಯಲು ಹೋಗಿ, ಅದು ಸರಿಯುವುದನ್ನು ಕಂಡು, ತನ್ನ ಬಿಲ್ಲು ತನ್ನ ಹಿಂದೆಯೇ ಬರುತ್ತದೆ ಎಂದು ಎಲ್ಲರಿಗೂ ಹೇಳಿಕೊಂಡು ಬಂದಳು.

ಚಂದ್ರನ ಮೊಲದ ವಿಷಯದಲ್ಲೂ ಇದೇ ಆಯಿತು. ಚಂದ್ರನ ಮೇಲೆ ಜೀವಿಗಳಿಲ್ಲ, ಆದ್ದರಿಂದ ಮೊಲವಿಲ್ಲ ಎಂಬ ಒಂದೇ ವಾಕ್ಯದಲ್ಲಿ ಮಾತು ಮುಗಿಯಿತು. ಹೇಳಬಹುದಾದದ್ದು ಬಹಳವಿತ್ತು. ಮೊಲದಂತೆ ಕಾಣುವ ಆ ಕಪ್ಪು ಕಲೆಗಳು ಮುನ್ನೂರು ಕೋಟಿ ವರ್ಷಗಳಿಗೂ ಹಿಂದೆ ಲಾವಾ ಹರಿದು ಗಟ್ಟಿಯಾದ ಬಸಾಲ್ಟ್ ಶಿಲೆಯ ಬಯಲುಗಳು, ಅವುಗಳಲ್ಲಿ ಮೊಲವನ್ನು ಕಂಡವರು ಚೀನಾ, ಜಪಾನ್, ಕೊರಿಯಾ, ಭಾರತಗಳಲ್ಲಿ ಮಾತ್ರವಲ್ಲ, ಸಾಗರದಾಚೆಯ ಮೆಕ್ಸಿಕೊದ ಆಜ್ಟೆಕ್ ಜನರಲ್ಲೂ ಇದ್ದರು. ಶಶಿ, ಶಶಾಂಕ ಎಂಬ ಹೆಸರುಗಳ ಅರ್ಥವೇ ಮೊಲವನ್ನು ಹೊತ್ತವನು ಎಂದು. ಅಪೊಲೊ 11ರ ಯಾತ್ರಿಗಳು ಚಂದ್ರನಲ್ಲಿ ಇಳಿಯುವ ದಿನ ಭೂಮಿಯ ನಿಯಂತ್ರಣ ಕೇಂದ್ರದವರು ಚೀನೀ ಕಥೆಯ ಚಾಂಗ್‌ಅ ಎಂಬ ಸುಂದರಿಯನ್ನೂ ಅವಳ ಮೊಲವನ್ನೂ ಕಣ್ಣಿಟ್ಟು ಹುಡುಕಿರಿ ಎಂದು ಅವರಿಗೆ ಹೇಳಿದ್ದರು. 2013ರ ಡಿಸೆಂಬರ್‌ನಲ್ಲಿ ಚೀನಾ ಚಂದ್ರನ ಮೇಲಿಳಿಸಿದ ರೋವರ್‌ನ ಹೆಸರು ಯುಟು, ಅಂದರೆ ಹಸಿರುಮಣಿಯ ಮೊಲ. ಹಾಗಾಗಿ ಚಂದ್ರನ ಮೇಲೆ ಈಗ ಮೊಲವೊಂದು ನಿಜವಾಗಿಯೇ ಇದೆ, ಅದಕ್ಕೆ ಉಸಿರಾಡಲು ಗಾಳಿ ಬೇಡ. ಮಗಳ ಪ್ರಶ್ನೆಗೆ ಇದಕ್ಕಿಂತ ತೃಪ್ತಿಕರವಾದ ಉತ್ತರ ಬೇರಿಲ್ಲವೆಂದು ನನಗನ್ನಿಸುತ್ತದೆ.

ಗ್ರಹಣದ ಉತ್ತರ ಮಾತ್ರ ಅನಿರೀಕ್ಷಿತವಾಗಿ ಚೆನ್ನಾಗಿತ್ತು, ಅದನ್ನು ಹೇಳದಿದ್ದರೆ ಅನ್ಯಾಯವಾದೀತು. ರಾಹು ಕೇತುಗಳ ಕಥೆಯನ್ನು ಎರಡು ವಾಕ್ಯಗಳಲ್ಲಿ ಹೇಳಿ, ಚಂದ್ರನ ಹಾದಿ ಭೂಮಿಯ ಹಾದಿಗೆ ಸುಮಾರು ಐದು ಡಿಗ್ರಿ ಓರೆಯಾಗಿದೆ, ಎರಡೂ ಹಾದಿಗಳು ಸಂಧಿಸುವ ಬಿಂದುಗಳಿಗೆ ಹಿಂದಿನ ಖಗೋಳಜ್ಞರು ಅದೇ ಎರಡು ಹೆಸರುಗಳನ್ನು ಇಟ್ಟರು, ಆ ಬಿಂದುಗಳ ಬಳಿ ಹುಣ್ಣಿಮೆಯೋ ಅಮಾವಾಸ್ಯೆಯೋ ಬಿದ್ದಾಗ ಮಾತ್ರ ಗ್ರಹಣ ಎಂದಿತು. ಪ್ರತಿ ಹುಣ್ಣಿಮೆಗೂ ಗ್ರಹಣ ಏಕಿಲ್ಲ ಎಂಬ ಪ್ರಶ್ನೆಗೂ ಅದರಲ್ಲೇ ಉತ್ತರ ಸಿಕ್ಕಿತು. ಕ್ರಿ.ಶ. 499ರಲ್ಲೇ ಆರ್ಯಭಟ ಗ್ರಹಣವನ್ನು ನೆರಳಿನಿಂದ ವಿವರಿಸಿದ್ದ ಎಂಬುದನ್ನೂ ಸೇರಿಸಿತು. ಕಥೆಯನ್ನು ಕಥೆಯಾಗಿ, ಕಾರಣವನ್ನು ಕಾರಣವಾಗಿ, ಅಕ್ಕಪಕ್ಕದಲ್ಲಿ ಕೂರಿಸಲು ಸಾಧನಕ್ಕೆ ಬರುವುದಿಲ್ಲ ಎಂದಲ್ಲ, ಎಲ್ಲ ಕಡೆಯೂ ಹಾಗೆ ಮಾಡುವ ಶಿಸ್ತು ಅದಕ್ಕಿಲ್ಲ ಎಂಬುದು ಇದರಿಂದ ಗೊತ್ತಾಯಿತು.

ಇನ್ನೊಂದು ಬಗೆಯ ಪ್ರಶ್ನೆಗಳಿವೆ, ಅವುಗಳಿಗೆ ಯಾರು ಉತ್ತರಿಸಬೇಕೆಂಬುದೇ ಪ್ರಶ್ನೆ. ಕ್ರಿಸ್‌ಮಸ್ ತಾತ ನಿಜವಾಗಿಯೂ ಇದ್ದಾನೆಯೇ ಎಂದು ಮಗಳು ಕೇಳಿದಾಗ ಸಾಧನ ನಯವಾಗಿ ಜಾರಿಕೊಂಡಿತು, ಅದು ದೊಡ್ಡವರನ್ನು ಕೇಳಬೇಕಾದ ಪ್ರಶ್ನೆ ಎಂದಿತು. ಇದನ್ನು ನಾನು ಮೆಚ್ಚುತ್ತೇನೆ. 1897ರಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳು ಇದೇ ಪ್ರಶ್ನೆಯನ್ನು ನ್ಯೂಯಾರ್ಕಿನ ಪತ್ರಿಕೆಯೊಂದಕ್ಕೆ ಬರೆದಾಗ ಪತ್ರಿಕೆ ಅದಕ್ಕೆ ಸಂಪಾದಕೀಯದಲ್ಲೇ ಉತ್ತರಿಸಿತ್ತು. ಮಗುವಿನ ಇಂಥ ಪ್ರಶ್ನೆಯನ್ನು ಹಿರಿಯರು ಎಷ್ಟು ಗೌರವದಿಂದ ಕಾಣಬಹುದೆಂಬುದಕ್ಕೆ ಅದು ಸಾಕ್ಷಿ. ಆದರೆ ಬಿದ್ದ ಹಲ್ಲನ್ನು ಒಯ್ದು ನಾಣ್ಯ ಇಟ್ಟುಹೋಗುತ್ತಾಳೆಂದು ಪಾಶ್ಚಾತ್ಯ ಕಥೆಗಳು ಹೇಳುವ ಯಕ್ಷಿಣಿಯ ವಿಷಯದಲ್ಲಿ ಅದೇ ಸಾಧನ ಯಾವ ಎಚ್ಚರವನ್ನೂ ತೋರದೆ, ಅದು ಕಾಲ್ಪನಿಕ ಪಾತ್ರ, ನಾಣ್ಯವನ್ನು ಇಡುವವರು ತಂದೆತಾಯಿ ಎಂದು ಹೇಳಿಬಿಟ್ಟಿತು. ಕಥೆಯ ಪುಸ್ತಕದಲ್ಲಿ ಆ ಯಕ್ಷಿಣಿಯನ್ನು ಓದಿ, ತನ್ನ ಮೊದಲ ಹಲ್ಲನ್ನು ಹತ್ತಿಯಲ್ಲಿ ಸುತ್ತಿಟ್ಟಿದ್ದ ಮಗು ಅದನ್ನು ಕೇಳಿ ಅತ್ತಿತು. ಮಗುವಿಗೆ ಸುಳ್ಳು ಹೇಳಬೇಕೆಂದು ನಾನು ಹೇಳುತ್ತಿಲ್ಲ. ನೀನು ಏನೆಂದುಕೊಂಡಿದ್ದೀಯ ಎಂದು ಮೊದಲು ಕೇಳಬಹುದಿತ್ತು. ಹಾಗೆ ಕೇಳಿದರೆ, ಮಗುವಿಗೆ ಬೇಕಾಗಿರುವುದು ಸತ್ಯಾಂಶವೋ, ಆಟ ಇನ್ನೂ ಸ್ವಲ್ಪ ದಿನ ನಡೆಯಲಿ ಎಂಬ ಅನುಮತಿಯೋ ಎಂಬುದು ತಾನಾಗಿಯೇ ತಿಳಿಯುತ್ತದೆ. ಎಂಟು ತಿಂಗಳಲ್ಲಿ ಈ ಸಾಧನ ಒಮ್ಮೆಯೂ ಮಗುವನ್ನು ಮರಳಿ ಪ್ರಶ್ನಿಸಿಲ್ಲ. ಅದರ ಎಲ್ಲ ಕೊರತೆಗಳ ಪೈಕಿ ಇದನ್ನೇ ನಾನು ದೊಡ್ಡದೆಂದು ಎಣಿಸುತ್ತೇನೆ.

ಗೊತ್ತಿಲ್ಲ ಎಂಬ ಮಾತೂ ಅದರ ಬಾಯಲ್ಲಿ ಬಂದಿಲ್ಲ. ಆಕಳಿಕೆ ಏಕೆ ಬರುತ್ತದೆ ಎಂದರೆ ರಕ್ತದಲ್ಲಿ ಆಮ್ಲಜನಕ ಕಡಿಮೆಯಾದದ್ದರಿಂದ ಎಂದು ಖಚಿತ ಸ್ವರದಲ್ಲಿ ಹೇಳಿತು. ಶುದ್ಧ ಆಮ್ಲಜನಕವನ್ನು ಉಸಿರಾಡಿದವರಲ್ಲೂ ಆಕಳಿಕೆ ಕಡಿಮೆಯಾಗುವುದಿಲ್ಲವೆಂದು 1987ರಲ್ಲಿ ಪ್ರಕಟವಾದ ಪ್ರಯೋಗವೇ ತೋರಿಸಿತ್ತು, ಆಕಳಿಕೆಯ ನಿಜವಾದ ಉದ್ದೇಶ ಏನೆಂಬ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತವಿಲ್ಲ. ಇಷ್ಟು ದಿನನಿತ್ಯದ ಸಂಗತಿಯೊಂದು ಇನ್ನೂ ಬಗೆಹರಿದಿಲ್ಲ ಎಂದು ನಾನು ಹೇಳಿದಾಗ ಮಗನ ಕಣ್ಣು ಅರಳಿತು, ಹಾಗಾದರೆ ನಾನೇ ಕಂಡುಹಿಡಿಯಬಹುದೇ ಎಂದ. ಖಚಿತವಾದ ತಪ್ಪು ಉತ್ತರ ಈ ಮಾತು ಹುಟ್ಟಲು ಬಿಡುತ್ತಿರಲಿಲ್ಲ.

ಭಾಷೆಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕಾದದ್ದು ಸ್ವಲ್ಪವಿದೆ. ಸಾಧನ ಕನ್ನಡವನ್ನು ಅರ್ಥಮಾಡಿಕೊಳ್ಳುತ್ತದೆ, ಕನ್ನಡದಲ್ಲೇ ಉತ್ತರಿಸುತ್ತದೆ. ಆದರೆ ಆ ಕನ್ನಡ ಪ್ರೌಢಶಾಲೆಯ ಪಠ್ಯಪುಸ್ತಕದ್ದು. ವಕ್ರೀಭವನ, ಪರಿಭ್ರಮಣ, ಬಾಷ್ಪೀಭವನ ಎಂಬ ಪದಗಳನ್ನು ಆರು ವರ್ಷದ ಮಗುವಿನ ಮುಂದೆ ಬಿಚ್ಚದೆ ಇಡುತ್ತದೆ. ಬೆಳಕು ನೀರಿಗೆ ಹೊಕ್ಕಾಗ ಬಾಗುತ್ತದೆ, ಭೂಮಿ ಸೂರ್ಯನನ್ನು ಸುತ್ತುತ್ತದೆ, ನೀರು ಆವಿಯಾಗುತ್ತದೆ ಎಂಬ ಮಾತುಗಳು ನಮ್ಮ ನಾಲಿಗೆಯ ಮೇಲೆ ಸಿದ್ಧವಾಗಿಯೇ ಇವೆ, ಅವುಗಳಿಂದ ಅರ್ಥದ ನಿಖರತೆ ಕಿಂಚಿತ್ತೂ ಕುಂದುವುದಿಲ್ಲ. ಪಾರಿಭಾಷಿಕ ಪದ ಮಗುವಿಗೆ ಬೇಡವೆಂದಲ್ಲ, ಸಂಗತಿ ಮೊದಲು ತಿಳಿದು ಹೆಸರು ಆಮೇಲೆ ಬಂದರೆ ಅದು ನಿಲ್ಲುತ್ತದೆ. ಮಗುವಿನ ವಯಸ್ಸನ್ನು ನಮೂದಿಸುವ ಸೌಲಭ್ಯ ಸಾಧನದಲ್ಲಿದೆ, ಆರು ಎಂದು ನಮೂದಿಸಿದರೂ ಒಂಬತ್ತು ಎಂದು ನಮೂದಿಸಿದರೂ ಉತ್ತರದ ಭಾಷೆಯಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ.

ಮಕ್ಕಳ ಮಾತುಗಳು ದಾಖಲಾಗಿ ಕಂಪನಿಯ ಸರ್ವರ್‌ಗೆ ಹೋಗುತ್ತವೆ ಎಂಬುದನ್ನು ಕೊಳ್ಳುವವರು ಮರೆಯಬಾರದು. ಮೈಕ್ರೊಫೋನ್ ಮುಚ್ಚುವ ಗುಂಡಿ ಇದೆ, ದಾಖಲೆಗಳನ್ನು ಅಳಿಸುವ ವ್ಯವಸ್ಥೆಯೂ ಇದೆ. ನಾವು ಮೊದಲನೆಯದನ್ನು ರಾತ್ರಿ ಹೊತ್ತೂ ಎರಡನೆಯದನ್ನು ವಾರಕ್ಕೊಮ್ಮೆಯೂ ಬಳಸುತ್ತೇವೆ.

ಈ ಎಂಟು ತಿಂಗಳಲ್ಲಿ ನನಗೆ ಮತ್ತೆ ಮತ್ತೆ ನೆನಪಾದವರು ಮೈಕಲ್ ಫ್ಯಾರಡೆ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ 1825ರಿಂದ ಕ್ರಿಸ್‌ಮಸ್ ರಜೆಯಲ್ಲಿ ಎಳೆಯರಿಗಾಗಿ ವಿಜ್ಞಾನದ ಉಪನ್ಯಾಸಗಳನ್ನು ಏರ್ಪಡಿಸುತ್ತ ಬಂದಿದೆ, ಫ್ಯಾರಡೆ ಅಂಥ 19 ಮಾಲಿಕೆಗಳನ್ನು ತಾವೇ ನಡೆಸಿದರು. ಒಂದು ಮಾಲಿಕೆಯುದ್ದಕ್ಕೂ ಅವರು ಕೈಯಲ್ಲಿ ಹಿಡಿದದ್ದು ಒಂದು ಮೇಣದಬತ್ತಿಯನ್ನು. ಎಲ್ಲ ಮನೆಯಲ್ಲೂ ಇರುವ ಬತ್ತಿಯನ್ನು ಹಚ್ಚಿ, ಅದು ಉರಿಯುವುದೇಕೆ, ಜ್ವಾಲೆ ಆ ಆಕಾರದಲ್ಲಿರುವುದೇಕೆ, ಉರಿದ ಮೇಣ ಹೋಗುವುದೆಲ್ಲಿಗೆ ಎಂದು ಕೇಳುತ್ತ ಕೇಳುತ್ತ, ನಮ್ಮ ಉಸಿರಾಟವೂ ಒಂದು ಬಗೆಯ ಉರಿಯುವಿಕೆಯೇ ಎಂಬಲ್ಲಿಗೆ ಮಕ್ಕಳನ್ನು ಕರೆದೊಯ್ದರು. ಅವರೊಂದಿಗೆ ಒಂದು ಯಂತ್ರವನ್ನು ಹೋಲಿಸುವುದು ನ್ಯಾಯವಲ್ಲವೆಂದು ಬಲ್ಲೆ. ಆದರೆ ಮಕ್ಕಳ ಪ್ರಶ್ನೆಗೆ ಉತ್ತರಿಸಲೆಂದೇ ಬಂದ ವಸ್ತುವನ್ನು ಅಳೆಯಲು ಅದಕ್ಕಿಂತ ಕಡಿಮೆಯ ಮಾನದಂಡವನ್ನು ಒಪ್ಪಲು ನನ್ನ ಮನಸ್ಸು ಸಿದ್ಧವಿಲ್ಲ.

ಹಾಗಾದರೆ ಕೊಳ್ಳಬಹುದೇ? ಎಂಟು ಹತ್ತು ವರ್ಷ ದಾಟಿದ, ಓದಲು ಬರುವ, ಉತ್ತರವನ್ನು ಬೇರೆಡೆ ತಾಳೆ ನೋಡುವ ಅಭ್ಯಾಸವಿರುವ ಮಕ್ಕಳ ಮನೆಗೆ ಕೊಳ್ಳಬಹುದು. ವೇಗ, ದೂರ, ತೂಕ, ಪ್ರಾಣಿಗಳ ಆಹಾರ, ಗ್ರಹಗಳ ಗಾತ್ರ ಇಂಥ ವಿಷಯಗಳಲ್ಲಿ ಅದು ಬಹುಪಾಲು ನಂಬಿಕೆಗೆ ಅರ್ಹ. ಚಿಕ್ಕ ಮಕ್ಕಳಷ್ಟೇ ಇರುವ ಮನೆಗೆ, ಅವರನ್ನು ಸಾಧನದ ಬಳಿ ಬಿಟ್ಟು ಹೋಗುವ ಉದ್ದೇಶದಿಂದ, ಕೊಳ್ಳಬೇಡಿ. ನಮ್ಮ ಮನೆಯಲ್ಲಿ ಮೊದಲು ಅದು ಮಕ್ಕಳ ಕೋಣೆಯಲ್ಲಿತ್ತು, ಮೂರು ತಿಂಗಳಿಂದ ಎಲ್ಲರೂ ಕುಳಿತುಕೊಳ್ಳುವ ಕೋಣೆಗೆ ಬಂದಿದೆ. ಈಗ ಅದು ಉತ್ತರಿಸಿದ ಮೇಲೆ ನಾವು ಮಾತು ಶುರುಮಾಡುತ್ತೇವೆ, ಅದರ ಉತ್ತರ ನಮಗೆ ಕೊನೆಯ ಮಾತಲ್ಲ. ಹೀಗೆ ಬಳಸಲು ತೊಡಗಿದ ಮೇಲೆ ಅದರಿಂದ ಆಗುವ ಪ್ರಯೋಜನ ಹೆಚ್ಚಾಗಿದೆ, ಆದ್ದರಿಂದ ಹಿಂತಿರುಗಿಸುವ ಯೋಚನೆಯನ್ನು ಬಿಟ್ಟಿದ್ದೇನೆ.

ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿರುವುದು ಕಳೆದ ವಾರದ ಪ್ರಶ್ನೆ. ನಾವು ಚಂದ್ರನಲ್ಲಿ ಮೊಲವನ್ನು ನೋಡುತ್ತೇವಲ್ಲ, ಚಂದ್ರನ ಮೇಲೆ ನಿಂತವರಿಗೆ ಭೂಮಿಯಲ್ಲಿ ಯಾವ ಪ್ರಾಣಿ ಕಾಣುತ್ತದೆ ಎಂದು ಮಗಳು ಕೇಳಿದಳು. ಅಷ್ಟು ದೂರದಿಂದ ಭೂಮಿಯ ಪ್ರಾಣಿಗಳು ಬರಿಗಣ್ಣಿಗೆ ಕಾಣುವುದಿಲ್ಲ ಎಂದು ಸಾಧನ ಹೇಳಿತು. ಮಗ ಗ್ಲೋಬ್ ತಂದು ಮೇಜಿನ ಮೇಲಿಟ್ಟ. ಚಂದ್ರ ನಮಗೆ ಯಾವಾಗಲೂ ಒಂದೇ ಮುಖ ತೋರಿಸುತ್ತಾನೆ, ಅದಕ್ಕೇ ಮೊಲ ಅಲ್ಲೇ ಇರುತ್ತದೆ, ಭೂಮಿ ಹಾಗಲ್ಲ, ತಿರುಗುತ್ತಲೇ ಇರುತ್ತದೆ, ಮೋಡಗಳೂ ಬದಲಾಗುತ್ತವೆ ಎಂದು ತಂಗಿಗೆ ವಿವರಿಸುತ್ತ ಅವನು ಗ್ಲೋಬನ್ನು ನಿಧಾನವಾಗಿ ತಿರುಗಿಸಿದ. ಅವಳು ಕೋಣೆಯ ಇನ್ನೊಂದು ತುದಿಯಲ್ಲಿ ಕುರ್ಚಿಯ ಮೇಲೆ ಹತ್ತಿ ನಿಂತು ಕಣ್ಣು ಕಿರಿದಾಗಿಸಿ ನೋಡಿದಳು. ಆಫ್ರಿಕಾ ಖಂಡ ಎದುರಿಗೆ ಬಂದಾಗ ನಿಲ್ಲಿಸು ಎಂದು ಕೂಗಿ, ಅಲ್ಲಿ ಆನೆಯ ತಲೆ ಇದೆ, ಸೊಂಡಿಲು ಕೆಳಗೆ ಇಳಿದಿದೆ ಎಂದಳು. ಅವಳು ಬಿಡಿಸಿದ ಆನೆಯ ಚಿತ್ರ ಆ ಪುಟದಲ್ಲೇ, ಸಾಧನದ ಉತ್ತರದ ಕೆಳಗೆ ಇದೆ.